ಕರಿ ಕುರ್ಚಿ

ತೀರಿಹೋದ ಗಂಡ ಮುರುಗಪ್ಪನ ದೇಹವನ್ನು ಕೂರಿಸಲು ಮೈದುನ ಪ್ರಭುಲಿಂಗ ತಂದಿಟ್ಟ ಪ್ಲಾಸ್ಟಿಕ್ ಕುರ್ಚಿಯ ಬೆನ್ನಿನ ಮೇಲೆ ಪಾರ್ವತಮ್ಮ ಬೆರಳೆಳೆದಳು. ಬೆರಳಿಗೆ ಬಿಳಿ ಪುಡಿ ಹತ್ತಿತು.

"ಇದು ಬ್ಯಾಡಪ್ಪ. ಬಿಸ್ಲು ತಿಂದೈತೆ. ಕೂರಿಸಿದ್ರೆ ಕಾಲು ಮುರಿತೈತೆ."

"ಊರಾಗಿರವೆಲ್ಲ ಹಿಂಗೇ ಅವೆ ಅತ್ಗೆ. ನಮ್ಮವು ಭರಮಸಾಗರದ ಮದುವಿಗೆ ಹೋಗ್ಯವೆ. ಬರಾದು ಸಂಜಿಗೇ," ಎಂದ ಪ್ರಭುಲಿಂಗ. ಬೆಳಗಿನಿಂದ ಓಡಾಡಿ ಅವನ ದನಿ ಬಿದ್ದುಹೋಗಿತ್ತು.

ಐಮಂಗಲದಲ್ಲಿ ಮೂವತ್ತು ವರ್ಷ ಮದುವೆಗೂ ಸಾವಿಗೂ ಕುರ್ಚಿ ಬಾಡಿಗೆ ಕೊಟ್ಟವನಿಗೆ, ಕೊನೆಯ ದಿನ ಕೂರಲು ಗಟ್ಟಿ ಕುರ್ಚಿಯಿಲ್ಲ. ಸತ್ತವರನ್ನು ಕೂರಿಸಿ ದರ್ಶನಕ್ಕಿಡುವ ಮಂದಿ ಅವರು. ಅಳಲೂ ತ್ರಾಣವಿಲ್ಲದ ಪಾರ್ವತಮ್ಮನಿಗೆ ಒಂದೇ ಚಿಂತೆ: ಊರೆದುರು ಅವನು ಬೀಳಬಾರದು.

* * *

ಹಿಂದೊಮ್ಮೆ ಅವನ ಕುರ್ಚಿ ಮುರಿದು ಹುಚ್ಚಕ್ಕನೆಂಬ ಮುದುಕಿಯ ಸೊಂಟ ಹೋಗಿತ್ತು. ಬೇಸಿಗೆಯಿಡೀ ಅಂಗಳದಲ್ಲಿ ಒಣಗಿದ್ದ ಕುರ್ಚಿ ಅದು. ಅಂದಿನಿಂದ ಕುರ್ಚಿಗಳು ನಡುಮನೆಗೆ ಬಂದವು, ಗಂಡ ಹೆಂಡತಿ ಜಗಲಿಗೆ ಬಂದರು.

"ಕುರ್ಚಿಗೆ ನೆಳ್ಳು, ನಂಗೆ ಬಿಸ್ಲು. ಅವನ್ನೇ ಕಟ್ಕಳ್ಬೇಕಿತ್ತು ನೀವು," ಎಂದು ಅವಳು ಬೈಯುತ್ತಿದ್ದಳು.

ಕರಿ ಪ್ಲಾಸ್ಟಿಕ್ಕು ಬಿಸಿಲನ್ನು ಹೆಚ್ಚು ತಾಳುತ್ತದೆ ಎಂದು ದುರ್ಗದ ಅಂಗಡಿಯವನು ಹೇಳಿದ್ದೇ ತಡ, ಮುರುಗಪ್ಪ ಐವತ್ತು ಕರಿ ಕುರ್ಚಿ ಹೇರಿಕೊಂಡು ಬಂದ. ಮದುವೆಗೆ ಕರಿ ಕುರ್ಚಿ ಯಾರು ಒಯ್ಯುತ್ತಾರೆ? ಊರೇ ನಕ್ಕಿತು. ಎಲ್ಲ ಮಾರಿ, ಒಂದನ್ನು ಮಾತ್ರ ಹಿತ್ತಿಲ ಬಿಸಿಲಲ್ಲಿ ಬಿಟ್ಟ. ಪ್ರತಿ ಯುಗಾದಿಗೆ ಅದರ ಮೇಲೆ ಬೆರಳೆಳೆದು, "ನೋಡೇ, ಏನೂ ಹತ್ತಿಲ್ಲ," ಎಂದು ತೋರಿಸುತ್ತಿದ್ದ. ಹನ್ನೆರಡು ಯುಗಾದಿ ಕಳೆದರೂ ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ.

* * *

"ಹಿತ್ಲಾಗೆ ಕರೇದು ಐತಲ್ಲ, ತಗಂಬಾ," ಎಂದಳು.

ನೆರೆಮನೆಯ ಹಿರಿಯ ಈರಬಸಪ್ಪ ಮುಖ ಸಿಂಡರಿಸಿದ. "ಕರೇದು ಶುಭ ಅಲ್ಲಮ್ಮ."

"ಇವತ್ತು ಈ ಮನ್ಯಾಗೆ ಇನ್ಯಾವ ಶುಭ ಐತ್ರಿ?"

ಪ್ರಭುಲಿಂಗ ಅದನ್ನು ತಂದಿಟ್ಟ. ಕೂರಿಸಿದರು, ಪಂಚೆಯಿಂದ ಬಿಗಿದರು, ಮೈಗೆಲ್ಲ ವಿಭೂತಿ ಬಳಿದರು. ಮೂರು ತಾಸು ಜನ ಬಂದು ಕೈಮುಗಿದು ಹೋದರು. ಕುರ್ಚಿ ಅಲುಗಲಿಲ್ಲ.

ಮಧ್ಯಾಹ್ನ ಹಲಗೆ ಬಡಿಯುತ್ತ, ಅವನನ್ನು ಎತ್ತಿಕೊಂಡು ಮಣ್ಣು ಮಾಡಲು ಹೊಲದ ಕಡೆ ಹೊರಟರು. ಅಂಗಳದ ಸುಡುಬಿಸಿಲಲ್ಲಿ ಕುರ್ಚಿ ಉಳಿಯಿತು. ಪಾರ್ವತಮ್ಮ ಮೊದಲ ಸಲ ಅದರ ಬೆನ್ನಿಗೆ ಬೆರಳೆಳೆದಳು. ಬಿಳಿ ಹತ್ತಿತು. ಮೂಗಿಗೆ ಹಿಡಿದಳು: ಅವನ ವಿಭೂತಿ.

ಇನ್ನೊಂದು ಕೈಯ ಬೆರಳನ್ನು ಕುರ್ಚಿಯ ಕಾಲಿನುದ್ದಕ್ಕೂ ಒತ್ತಿ ಎಳೆದಳು. ಆ ಬರಿಬೆರಳನ್ನು, ಹಲಗೆಯ ಸದ್ದು ದೂರವಾಗುತ್ತಿದ್ದ ದಿಕ್ಕಿಗೆ ಎತ್ತಿ ಹಿಡಿದಳು.

"ಏನೂ ಹತ್ತಿಲ್ಲ ಕಣ್ರಿ."