ಇಂಗಿನ ಡಬ್ಬಿಯ ಮೇಲೆ ಮಗುಚಿದ ಗ್ಲಾಸು

ಆ ಭಾನುವಾರ ಬೆಳಿಗ್ಗೆ ಕುಮುದಾ ನನ್ನನ್ನು ತೊಳೆಯುತ್ತಿದ್ದಳು. ಉದ್ದ ಕಾಲಿನ ವೈನ್ ಗ್ಲಾಸು ನಾನು. ಫಿರೋಜಾಬಾದಿನ ಕುಲುಮೆಯೊಂದರಲ್ಲಿ ಯಾರದೋ ಉಸಿರು ತುಂಬಿಕೊಂಡು ಹುಟ್ಟಿದೆ. ಅವಳಿ ತಂಗಿಯ ಜೊತೆ ಹುಲ್ಲು ಹೊದ್ದು ಮೈಸೂರಿಗೆ ಬಂದೆ. ಕುಮುದಾಳ ಮದುವೆಗೆ ನಮ್ಮನ್ನು ಯಾರೋ ಉಡುಗೊರೆ ಕೊಟ್ಟರು. ವೈನನ್ನೇ ಕಾಣದ ಆ ಮನೆಯ ಷೋಕೇಸಿನಲ್ಲಿ ಎಂಟು ವರ್ಷ ಸುಮ್ಮನೆ ನಿಂತಿದ್ದೆವು. ಮಗಳು ಇಂಚರಾ ಮಾತ್ರ ಗಾಜಿಗೆ ಮೂಗೊತ್ತಿ ನಮ್ಮನ್ನು ನೋಡುತ್ತಿದ್ದಳು.

ಅಂದು ನಮಗೆ ಮೊದಲ ಸಲ ಕೆಲಸ ಬಂದಿತ್ತು. ಕುಮುದಾಳ ತಮ್ಮ ಸುದರ್ಶನ ಹೋಟೆಲೊಂದರಲ್ಲಿ ಊಟ ಬಡಿಸುತ್ತಿದ್ದ. ವೈನ್ ವಿಭಾಗಕ್ಕೆ ಒಬ್ಬರನ್ನು ಆರಿಸಲು ಮರುದಿನ ಪರೀಕ್ಷೆ. ಬಾಟಲಿ ನೋಡದೆ, ಮೂಸಿ, ರುಚಿ ನೋಡಿ ಹೆಸರು ಹೇಳಬೇಕು. ಹಡಗಿನಲ್ಲಿರುವ ಗೆಳೆಯ ಕೊಟ್ಟ ಇಟಲಿಯ ಎರಡು ಕೆಂಪು ವೈನ್ ಹಿಡಿದು ಅಭ್ಯಾಸಕ್ಕೆಂದು ಬಂದಿದ್ದ.

"ಅಕ್ಕಾ, ಸಂಜೆವರೆಗೂ ಮನೇಲಿ ಯಾವ ವಾಸನೆನೂ ಬರಬಾರದು ನೋಡು," ಎಂದು ಮೂರು ಸಲ ಹೇಳಿದ್ದ.

ನನ್ನನ್ನು ತೊಳೆಯುತ್ತಿರುವಾಗಲೇ ಒಲೆಯ ಮೇಲೆ ಹಾಲು ಉಕ್ಕಿತು. ಓಡಿದ ಕುಮುದಾಳಿಗೆ ಪಕ್ಕದಲ್ಲಿ ತೆರೆದಿದ್ದ ಇಂಗಿನ ಡಬ್ಬಿ ಕಂಡಿತು. ಮುಚ್ಚಳ ಸಿಗಲಿಲ್ಲ. "ಅಯ್ಯೋ, ವಾಸನೆ!" ಎಂದು ಒದ್ದೆ ಕೈಯಲ್ಲಿದ್ದ ನನ್ನನ್ನೇ ಅದರ ಮೇಲೆ ಮಗುಚಿ ಹಾಲಿನ ಕಡೆ ತಿರುಗಿದಳು. ಆಮೇಲೆ ಮರೆತಳು. ತಮ್ಮನಿಗಾಗಿ ಅವಳು ಮುಚ್ಚಿಟ್ಟ ವಾಸನೆಯನ್ನು ನಾನು ಸಂಜೆಯವರೆಗೂ ಹೀರಿದೆ. ಒದ್ದೆ ಮೈಗೆ ಪುಡಿ ಹತ್ತಿತು. ಸಂಜೆ ಗಡಿಬಿಡಿಯಲ್ಲಿ ಬಟ್ಟೆಯಿಂದ ಒರೆಸಿ ತಟ್ಟೆಯಲ್ಲಿಟ್ಟಳು. ಕಣ್ಣಿಗೆ ನಾನು ಚೊಕ್ಕಟವಾಗಿದ್ದೆ.

"ಒಂದು ಕಿಯಾಂಟಿ ಪುಟ್ಟಿ," ಸುದರ್ಶನ ಇಂಚರಾಳಿಗೆ ಹೇಳುತ್ತಿದ್ದ. "ತಿಳಿಸಾರಿನ ಥರ, ತೆಳ್ಳಗೆ, ಹುಳಿ ಮುಂದೆ. ಇನ್ನೊಂದು ಅಮರೋನೆ. ಸಂಡಿಗೆ ಒಣಗಿಸ್ತೀವಲ್ಲ, ಹಾಗೆ ದ್ರಾಕ್ಷಿನ ತಿಂಗಳುಗಟ್ಟಲೆ ಒಣಗಿಸಿ ಮಾಡ್ತಾರೆ. ಗಟ್ಟಿ, ಘಮ್ ಅನ್ನುತ್ತೆ."

"ಎರಡರಲ್ಲೂ ಒಂದೇ ಇದ್ದರೂ ಇರಬಹುದು, ಹುಷಾರು," ಎಂದು ಭಾವ ನಾಗಭೂಷಣ ಒಳಗೆ ಹೋಗಿ ನನಗೂ ತಂಗಿಗೂ ವೈನ್ ಸುರಿದು ತಂದ. ತಂಗಿಯನ್ನು ಮೂಸಿದ ಕೂಡಲೇ ಸುದರ್ಶನ, "ಕಿಯಾಂಟಿ," ಎಂದ. ಸರಿಯಾಗಿತ್ತು. ಆಮೇಲೆ ನನ್ನನ್ನು ಎತ್ತಿದ. ಅವನ ಹುಬ್ಬು ಗಂಟಾಯಿತು.

"ಭಾವ, ಇದರಲ್ಲಿ ಇಂಗಿದೆ."

ನಾಗಭೂಷಣ ಹೊಟ್ಟೆ ಹಿಡಿದು ನಕ್ಕ. "ಇಟಲಿಯೋರು ವೈನಿಗೂ ಒಗ್ಗರಣೆ ಹಾಕ್ತಾರೇನಯ್ಯಾ? ನಾಳೆ ಅಲ್ಲೂ ಇದನ್ನೇ ಹೇಳು, ನೇರ ಸಾರಿನ ವಿಭಾಗಕ್ಕೇ ಹಾಕ್ತಾರೆ!"

ಸುದರ್ಶನನೂ ನಗಲು ನೋಡಿದ. ಮತ್ತೆ ಮೂಸಿದ, ಮತ್ತೂ ಮೂಸಿದ. "ಇಲ್ಲ ಭಾವ, ಗೊತ್ತಾಗ್ತಿಲ್ಲ," ಎಂದು ನನ್ನನ್ನು ಕೆಳಗಿಟ್ಟ. ನನಗೆ ಬಾಯಿದೆ, ಮಾತಿಲ್ಲ.

ಅಡುಗೆಮನೆಯಲ್ಲಿ ಕುಮುದಾ ನನ್ನನ್ನು ಮೂಗಿಗೆ ಹಿಡಿದಳು. ತೆರೆದ ಡಬ್ಬಿಯನ್ನು ನೋಡಿದಳು. ಬೆಳಿಗ್ಗೆ ನನ್ನನ್ನು ಅದರ ಮೇಲೆ ಮಗುಚಿದ್ದು ನೆನಪಾಯಿತು. ಬಾಗಿಲಲ್ಲಿ ಇಂಚರಾ ನಿಂತು ನೋಡುತ್ತಿದ್ದಳು. ಹೊರಗೆ ಗಂಡನ ನಗು ಇನ್ನೂ ನಿಂತಿರಲಿಲ್ಲ. ಈಗ ಹೇಳಿದರೆ ಆ ನಗು ತನ್ನ ಮೇಲೆ ತಿರುಗುತ್ತದೆ. ಬೆಳಿಗ್ಗೆ ತಮ್ಮನೊಬ್ಬನಿಗೇ ಹೇಳಿದರಾಯಿತು ಎಂದುಕೊಂಡಳೋ ಏನೋ. ನಲ್ಲಿ ತಿರುಗಿಸಿ ನನ್ನನ್ನು ತೊಳೆದಳು. ತೊಳೆದಳು, ತೊಳೆಯುತ್ತಲೇ ಇದ್ದಳು.

ಮರುದಿನ ಅವಳು ಏಳುವ ಮೊದಲೇ ಸುದರ್ಶನ ಹೊರಟುಹೋಗಿದ್ದ. ಪರೀಕ್ಷೆಗೆ ಹೋಗಲಿಲ್ಲ. "ನನ್ನ ಮೂಗನ್ನ ನಾನೇ ನಂಬೋ ಹಾಗಿಲ್ಲ ಅಕ್ಕಾ," ಎಂದು ಫೋನಿನಲ್ಲಿ ಹೇಳಿ, ಅದೇ ಹೋಟೆಲಿನ ಕೋಣೆಗಳ ಹಾಸಿಗೆ ಬದಲಾಯಿಸುವ ಕೆಲಸಕ್ಕೆ ಸೇರಿಕೊಂಡ. ಆಗಲೂ ಅವಳು ಬಾಯಿಬಿಡಲಿಲ್ಲ. ದಿನ ಕಳೆದಷ್ಟೂ ಮಾತು ಭಾರವಾಯಿತು.

ತಂಗಿ ಷೋಕೇಸಿಗೆ ಮರಳಿದಳು. ನನ್ನನ್ನು ಅಲ್ಲಿಡಲು ಕುಮುದಾಳಿಗೆ ಮನಸ್ಸಾಗಲಿಲ್ಲ. ಮೊದಲು ಇಂಚರಾಳ ಪೆನ್ಸಿಲ್ಲುಗಳಿಗೆ ಆಸರೆಯಾದೆ. ಅಂಚು ಮುಕ್ಕಾದ ಮೇಲೆ ಅಡುಗೆಮನೆಯ ಕಿಟಕಿಗೆ ಬಂದೆ. ಈಗ ನನ್ನೊಳಗೆ ದೊಡ್ಡಪತ್ರೆಯ ಕಡ್ಡಿಯೊಂದು ಬೇರು ಬಿಡುತ್ತಿದೆ. ನೀರು ಬದಲಿಸುವಾಗ ಕುಮುದಾ ಈಗಲೂ ಒಮ್ಮೆ ನನ್ನನ್ನು ಮೂಸುತ್ತಾಳೆ. ನನಗೂ ಅವಳಿಗೂ ಒಂದೇ ತಪ್ಪು: ಬಾಯಿದ್ದೂ ಹೇಳಲಿಲ್ಲ.

ಇವತ್ತು ಎರಡು ವರ್ಷದ ಮೇಲೆ ಸುದರ್ಶನ ಊಟಕ್ಕೆ ಬಂದಿದ್ದಾನೆ. ಸಾರು ಬಡಿಸಿದ್ದಷ್ಟೇ, ಇನ್ನೂ ಕಲಸಿಲ್ಲ.

"ಅಕ್ಕಾ, ಇಂಗು ಬೇರೆ ಅಂಗಡೀದು ತಂದಿದ್ದೀಯಾ?"

ಕುಮುದಾಳ ಕೈಯ ಸೌಟು ನಿಂತಿತು. ಬೇರೆ ಅಂಗಡಿಯದೇ, ನಿನ್ನೆ ತಂದದ್ದು.

ಇಂಚರಾ ಎಲೆ ಬಿಟ್ಟೆದ್ದಳು. ಕಿಟಕಿಗೆ ಬಂದು ನನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಮ್ಮನ ಮುಂದೆ ಹೋಗಿ ನಿಂತಳು.

"ಅಮ್ಮಾ, ಅವತ್ತು ಮಾಮ ಹೇಳಿದ್ದು ಸರಿಯಾಗೇ ಇತ್ತಲ್ವಾ?"