ಬೀರವ್ವ ನೋಡಲು ಬಂದ ಯಂತ್ರ

೨೦೦೭ರ ಚಳಿಗಾಲ. ಧಾರವಾಡದ ಪ್ರಯೋಗಾಲಯವೊಂದರಲ್ಲಿ ಭುವನೇಶ್ವರಿ ಕೂದಲಿನಷ್ಟು ತೆಳುವಾದ ಗಾಜಿನ ಎಳೆಯೊಳಗೆ ಲೇಸರಿನಿಂದ ಸಣ್ಣ ಪೊಳ್ಳು ಕೊರೆಯುತ್ತಿದ್ದಳು. ಎಳೆಗೆ ಬಿಸಿ ತಾಕಿದರೆ ಆ ಪೊಳ್ಳಿನಿಂದ ಮರಳುವ ಬೆಳಕು ಬದಲಾಗಬೇಕು. ಆದರೆ ತಿಂಗಳುಗಟ್ಟಲೆ ಎಳೆಗಳು ಸೀಳಿಹೋಗುತ್ತಲೇ ಇದ್ದವು. ಲೇಸರಿನ ಮಿಂಚನ್ನು ಇನ್ನಷ್ಟು ಕ್ಷಣಿಕವಾಗಿಸಿದ ಮೇಲೆ, ಒಂದು ದಿನ ಬೆಳಿಗ್ಗೆ ಒಂದು ಎಳೆ ಸೀಳದೆ ಉಳಿಯಿತು.

ಮಗಳು ಮಾಡುವ ಯಂತ್ರ ನೋಡಬೇಕೆಂದು ಅಮ್ಮಿನಬಾವಿಯಿಂದ ಅವ್ವ ಬೀರವ್ವ ಬಂದದ್ದೂ ಅಂದೇ.

"ಎಲ್ಲೈತಿ ನಿನ್ನ ಯಂತ್ರ?"

"ಈ ಎಳಿ ತುದ್ಯಾಗ ಐತಿ ಬೇ."

"ಕಣ್ಣಿಗೇ ಕಾಣಂಗಿಲ್ಲಲ್ಲ! ಊರಾಗ ಎಲ್ಲಾರಿಗೂ ಭಾರೀ ದೊಡ್ಡದು ಅಂತ ಹೇಳಿ ಬಂದೇನಿ."

ಬೀರವ್ವ ತುದಿಯನ್ನು ಮೆಲ್ಲಗೆ ಬೆರಳುಗಳ ನಡುವೆ ಹಿಡಿದಳು. ಎಳೆಯಿಂದ ಮರಳುವ ಬೆಳಕನ್ನು ತೋರಿಸುವ ಕಂಪ್ಯೂಟರ್ ಪರದೆಯ ಮೇಲಿನ ಗೆರೆ ಪಕ್ಕಕ್ಕೆ ಸರಿಯಿತು. ಬಿಟ್ಟಳು, ಗೆರೆ ಹಿಂದಕ್ಕೆ ಬಂತು. ಮತ್ತೆ ಹಿಡಿದಾಗ ಮತ್ತೆ ಸರಿಯಿತು.

"ನನ್ನ ಕೈ ಬೆಚ್ಚಗಿರೂದು ಇದಕ್ಕ ತಿಳೀತೈತೇನು?"

"ಖರೇನ ತಿಳೀತೈತಿ ಬೇ!" ಎಂದು ಭುವನೇಶ್ವರಿ ಕುಣಿದೇಬಿಟ್ಟಳು.

ಕೂಗು ಕೇಳಿ ಓಡಿಬಂದ ಅವಳ ಮಾರ್ಗದರ್ಶಕಿ ಮುಸರತ, ತಾವೂ ಪರೀಕ್ಷಿಸಲೆಂದು ಎಳೆಗೆ ಕೈಚಾಚಿದರು. ಬೀರವ್ವ ಬಿಡಲಿಲ್ಲ.

"ಒಂದೀಟು ತಡೀರಿ ಬಾಯಾರ, ನನ್ನ ಜೋಡಿ ಇನ್ನೂ ಮಾತಾಡಾಕತ್ತೈತಿ."