ಸ್ಟೇಷನ್ ಬಂತು

"ಏಳಮ್ಮಿ ಮ್ಯಾಲಕ್ಕೆ, ಮುಂಡೆ! ಆ ಬೆಂಚ್ ಮ್ಯಾಲೆ ನೀನು ಕುಂತ್ರೆ ಸಾಹೇಬ್ರು ಎಲ್ ಕುಂತ್ಕಂಡಾರು?"

ಧಣಿ ವೃಷಭೇಂದ್ರಪ್ಪನ ಕೂಗಿಗೆ ದೊಡ್ಡಮಲ್ಲಮ್ಮ ಪೊರಕೆ ಊರಿಕೊಂಡು ಎದ್ದಳು. ಬೆಳಗಿನಿಂದ ಕೇರಿಯ ಹೆಂಗಸರ ಜೊತೆ ಹಳೇ ಸ್ಟೇಷನ್ನು ಗುಡಿಸಿ ಸೊಂಟ ಹಿಡಿದುಕೊಂಡಿತ್ತು. ರೈಲು ನಿಲ್ಲುವುದು ತಪ್ಪಿದ ಮೇಲೆ ಟಿಕೆಟ್ ಕೋಣೆಯ ತುಂಬ ಅವನ ಅರಿಶಿನದ ಮೂಟೆಗಳು. ಇವತ್ತು ಅಲ್ಲಿ ಅವನ ತಾತನ ಹೆಸರಿನ ಕಲ್ಲು ತೆರೆಯುವ ಸಮಾರಂಭ.

ಮದುವೆಯಾದ ಹೊಸತರಲ್ಲಿ ಅವಳು ಇಳಿದದ್ದು ಇಲ್ಲೇ. ಊರೊಳಗೆ ಮೇಲುಕೇರಿ ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿಯಬೇಕಿತ್ತು. ಇಲ್ಲಿ ಟಿಕೆಟ್ ಕಿಂಡಿಯ ಮುಂದೆ ಎಲ್ಲರಿಗೂ ಒಂದೇ ಸಾಲು. ಒಮ್ಮೆ ವೃಷಭೇಂದ್ರಪ್ಪನೇ ಅವಳ ಹಿಂದೆ ನಿಂತು ಹಲ್ಲು ಕಡಿದಿದ್ದ. ಕೇರಿಯ ಹೆಂಗಸರು ರೈಲು ಹತ್ತಿ ಚಾಮರಾಜನಗರಕ್ಕೆ ರೇಷ್ಮೆ ನೂಲು ತೆಗೆಯಲು ಹೋಗುತ್ತಿದ್ದರು. ಅಲ್ಲಿ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಬ್ರಾಡ್‌ಗೇಜ್ ಹಳಿ ಬಂದಾಗ ರೈಲು ಇಲ್ಲಿ ನಿಲ್ಲದಾಯಿತು. ಬಸ್ಸಿಲ್ಲದ ಊರು, ಎಲ್ಲರೂ ಮತ್ತೆ ಅವನ ಅರಿಶಿನ ಬೇಯಿಸಲು ಬಂದರು.

ರೈಲ್ವೆ ಸಾಹೇಬರು ಬಂದು ಕಲ್ಲಿಗೆ ಹೊದಿಸಿದ್ದ ಕೆಂಪು ಬಟ್ಟೆ ಎಳೆದು ಮೈಕಿನಲ್ಲಿ ಓದಿದರು: "ಈ ನಿಲ್ದಾಣಕ್ಕೆ ಭೂಮಿ ದಾನ ಮಾಡಿದ ಮಹನೀಯರು..."

"ಯಾವ ದಾನ ಬುದ್ದೀ?" ದೊಡ್ಡಮಲ್ಲಮ್ಮನ ಬಾಯಿ ತಡೆಯಲಿಲ್ಲ. "ನನ್ ಗಂಡನ್ ತಾತ ಲಿಂಗಯ್ಯನ ಜಮೀನು ಕಣ್ರಪ್ಪ ಇದು. ಇವ್ರ್ ತಾತ ಕಿತ್ಕಂಡು, ಅವ್ನ್ ಕೈಲೇ ಮಣ್ ಹೊರ್ಸುದ್ರು!"

"ಬಾಯ್ ಮುಚ್ಚಮ್ಮಿ ಲೌಡಿ!" ವೃಷಭೇಂದ್ರಪ್ಪ ಆ ಬಟ್ಟೆಯನ್ನು ಅವಳ ಮುಖದ ಮೇಲೆ ಎಸೆದ. "ಇದ ಮಡಚಿಕ್ಬುಟ್ಟು ಆಚ್ಗೋಗು."

ಆಮೇಲೆ ಸಾಹೇಬರತ್ತ ತಿರುಗಿ ನಕ್ಕ. "ಆವತ್ತು ನಿಮ್ಮೋರ ಕೈಕಾಲಿಡ್ದು ರೈಲು ನಿಲ್ದಂಗ್ ಮಾಡ್ಸುದ್ದೇ ಒಳ್ಳೇದಾಯ್ತು ಬುಡಿ ಸಾರ್. ಇಲ್ದಿದ್ರೆ ಈ ಮುಂಡೇವು ಕೂಲಿಗೆ ಎಲ್ ಸಿಕ್ತಿದ್ವು?"

ಸಾಹೇಬರೂ ನಕ್ಕು ಬಾದಾಮಿ ಹಾಲು ಗುಟುಕರಿಸಿದರು.

ಇಷ್ಟು ವರ್ಷ ದೊಡ್ಡಮಲ್ಲಮ್ಮ ರೈಲನ್ನೇ ಶಪಿಸಿಕೊಂಡು ಬಂದಿದ್ದಳು. ಅಷ್ಟರಲ್ಲಿ ದೂರದಲ್ಲಿ ರೈಲು ಕೂಗಿತು. ಅವಳು ಬಟ್ಟೆ ಮಡಚಲಿಲ್ಲ. ಹಿಡಿದುಕೊಂಡೇ ಹಳಿಗೆ ಇಳಿದಳು.

"ಲೇಯ್, ಸಾಯ್ತೀಯ ಕಣಮ್ಮಿ!" ವೃಷಭೇಂದ್ರಪ್ಪ ಕೂಗಿದ.

ಅವಳು ಎರಡೂ ಕೈಯಲ್ಲಿ ಕೆಂಪು ಬಟ್ಟೆ ಎತ್ತಿ ಹಿಡಿದಳು. ಪೊರಕೆ ಬಿಸಾಕಿ ಕೇರಿಯ ಹೆಂಗಸರು ಒಬ್ಬೊಬ್ಬರೇ ಇಳಿದು ಅವಳ ಪಕ್ಕ ನಿಂತರು. ರೈಲು ಕಿರ್ರೆಂದು ಅರಚುತ್ತ ಬಂದು ಅವರಿಂದ ನಾಲ್ಕು ಮಾರು ದೂರದಲ್ಲಿ ನಿಂತಿತು.

"ಏನಾಗಿದೆ? ಯಾಕ್ ನಿಲ್ಸಿದ್ರಿ?" ಡ್ರೈವರ್ ತಲೆ ಹೊರಹಾಕಿ ಕಿರುಚಿದ.

"ಏನೂ ಆಗಿಲ್ಲ ಕಣಪ್ಪ," ಅಂದಳು ದೊಡ್ಡಮಲ್ಲಮ್ಮ. "ಸ್ಟೇಷನ್ ಬಂತು."

ಪ್ಲಾಟ್‌ಫಾರಂ ಮೇಲೆ ವೃಷಭೇಂದ್ರಪ್ಪ ಪೊಲೀಸರಿಗೆ ಫೋನ್ ಹಚ್ಚಿದ್ದ. ಹೆಂಗಸರು ಹಳಿಯ ಮೇಲೆಯೇ ಕೂತರು.